ಮಣಿ ಪೋಣಿಸುವ ಹವ್ಯಾಸ: ಒಬ್ಬ ವ್ಯಾಪಾರಿಯ ಅನುಭವ

ನಮ್ಮ ಸಮಾಜದ ಯಾವ ಮನೆಗೆ ಹೋದರೂ ಕಪಾಟಿನ ಮೂಲೆಯಲ್ಲಿ ಒಂದು ಹಳೆಯ ತಗಡಿನ ಡಬ್ಬಿ ಇದ್ದೇ ಇರುತ್ತದೆ. ಹರಿದ ಜಪಮಾಲೆಯ ಸ್ಫಟಿಕದ ಮಣಿ, ಅಜ್ಜಿಯ ಬೋರಮಾಳದ ಎರಡು ಗುಂಡು, ಕರಿಮಣಿ ಸರದ ತುಂಡು, ಜೋಡಿ ತಪ್ಪಿದ ಕಿವಿಯೋಲೆ, ಕೊಂಡಿ ಮುರಿದ ಸರಪಳಿ ಎಲ್ಲವೂ ಅದರಲ್ಲಿ ಒಟ್ಟಿಗೆ ಬಿದ್ದಿರುತ್ತವೆ. ದೀಪಾವಳಿಗೆ ಕಪಾಟು ಸ್ವಚ್ಛ ಮಾಡುವಾಗ ಡಬ್ಬಿ ಹೊರಗೆ ಬರುತ್ತದೆ. "ಒಮ್ಮೆ ಪಟವೇಗಾರನ ಕಡೆ ಒಯ್ಯಬೇಕು" ಎಂಬ ಮಾತಾಗುತ್ತದೆ. ಡಬ್ಬಿ ಮತ್ತೆ ಒಳಗೆ ಹೋಗುತ್ತದೆ. ಮುಂದಿನ ದೀಪಾವಳಿಗೂ ಅದೇ ಮಾತು. ಹೀಗೆ ಇಪ್ಪತ್ತು ವರ್ಷ ಕಳೆದ ಮನೆಗಳನ್ನು ನಾನು ಬಲ್ಲೆ. ಅಷ್ಟರಲ್ಲಿ ಒಯ್ಯಬೇಕಾಗಿದ್ದ ಪಟವೇಗಾರನೇ ಪೇಟೆಯಿಂದ ಇಲ್ಲವಾಗಿರುತ್ತಾನೆ.

ಈ ಡಬ್ಬಿಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ನಾನು ಸಾಹಿತಿಯಲ್ಲ. ಮ್ಯಾಟ್ರಿಕ್ ಮುಗಿಸಿ ತಂದೆಯವರ ಅಂಗಡಿಯ ಗಾದಿಯ ಮೇಲೆ ಕುಳಿತವನು. ಅಕ್ಕಲಕೋಟೆಯ ಪೇಟೆಯಲ್ಲಿ ನಮ್ಮದು ಕಟ್ಲರಿ ಸಾಮಾನಿನ ಅಂಗಡಿ. ಬಳೆ, ರಿಬ್ಬನ್ನು, ಕುಂಕುಮದ ಕರಡಿಗೆ, ಕರಿಮಣಿ, ಗಾಜಿನ ಮಣಿ, ತುಳಸಿಮಾಲೆ ಇವೇ ನಮ್ಮ ಸರಕು. ಶ್ರೀ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರ ದೆಸೆಯಿಂದ ಮಾಲೆ-ಮಣಿಗಳಿಗೆ ನಮ್ಮೂರಲ್ಲಿ ಹನ್ನೆರಡು ತಿಂಗಳೂ ಗಿರಾಕಿ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ನಮ್ಮದೊಂದು ಅಂಗಡಿ ತಪ್ಪುತ್ತಿರಲಿಲ್ಲ.

ನಲವತ್ತು ವರ್ಷ ಮಣಿಯನ್ನು ತೂಕದಿಂದ ಕೊಂಡು ಲಡಿಯಿಂದ ಮಾರಿದೆ. ಯಾವ ಮಣಿ ಎಲ್ಲಿಯದು, ಯಾವುದರ ಬಣ್ಣ ನಿಲ್ಲುತ್ತದೆ, ಯಾವುದು ನಾಲ್ಕು ಸಲ ಬೆವರು ಕುಡಿದರೆ ಬಿಳಿಚುತ್ತದೆ ಎಂಬುದು ಕೈಯಲ್ಲಿ ಹಿಡಿದರೆ ತಿಳಿಯುತ್ತಿತ್ತು. ಆದರೆ "ಶೇಟಜಿ, ಇವನ್ನ ಒಂದು ಸರಾ ಮಾಡಿ ಕೊಡ್ರಿ" ಎಂದು ಯಾರಾದರೂ ಕೇಳಿದರೆ ಪಟವೇಗಾರನ ಕಡೆಗೆ ಬೆರಳು ತೋರಿಸುತ್ತಿದ್ದೆ. ಮಾರುವವನು ಮಾರಬೇಕು, ಕಟ್ಟುವವನು ಕಟ್ಟಬೇಕು ಎಂಬುದು ಪೇಟೆಯ ರಿವಾಜು.

ಎರಡು ವರ್ಷದ ಹಿಂದೆ ಗಾದಿಯನ್ನು ಮಗನಿಗೆ ಒಪ್ಪಿಸಿದೆ. ನಿವೃತ್ತ ವ್ಯಾಪಾರಿ ಅಂಗಡಿಗೆ ಹೋದರೆ ಮಗನಿಗೆ ಅಡ್ಡಿ, ಮನೆಯಲ್ಲಿದ್ದರೆ ಸೊಸೆಗೆ ಅಡ್ಡಿ. ಇದು ನಮ್ಮ ವಯಸ್ಸಿನ ಬಂಧುಗಳಿಗೆ ಹೇಳಬೇಕಾದ ಮಾತಲ್ಲ. ಬೆಳಗಿನ ಬಸದಿ, ಸ್ವಾಧ್ಯಾಯ, ಊಟ, ನಿದ್ದೆ ಎಲ್ಲ ಮುಗಿದರೂ ಹೊತ್ತು ಉಳಿಯುತ್ತಿತ್ತು. ಆ ಹೊತ್ತಿಗೆ ಇಬ್ಬರು ಗುರುಗಳು ಸಿಕ್ಕರು. ದಾರದ ಕೆಲಸಕ್ಕೆ ಸೊಲ್ಲಾಪುರದ ಒಬ್ಬ ಪಟವೇಗಾರರು, ವಯಸ್ಸು ಎಪ್ಪತ್ತು ದಾಟಿದೆ. ತಂತಿಯ ಕೆಲಸಕ್ಕೆ ನಮ್ಮ ಮೊಮ್ಮಗಳು, ವಯಸ್ಸು ಹದಿನಾರು.

ಪಟವೇಗಾರರ ಕಟ್ಟೆ

ಹೊಸ ಪೀಳಿಗೆಯವರಿಗೆ ಪಟವೇಗಾರನೆಂದರೆ ಯಾರೆಂದು ಹೇಳಬೇಕಾಗಬಹುದು. ಅಕ್ಕಸಾಲಿಗ ಚಿನ್ನದ ಗುಂಡು ಮಾಡುತ್ತಾನೆ. ಅದನ್ನು ದಾರದಲ್ಲಿ ಪೋಣಿಸಿ, ಗಂಟು ಹಾಕಿ, ಗೊಂಡೆ ಕಟ್ಟಿ, ಕೊರಳಿಗೆ ಧರಿಸುವಂತೆ ಮಾಡುವವನು ಪಟವೇಗಾರ. ಮರಾಠಿಯಲ್ಲಿ ಪಟವೇಕರಿ ಎನ್ನುತ್ತಾರೆ, ಉತ್ತರದ ಕಡೆ ಪಟವಾ ಎನ್ನುತ್ತಾರೆ. ನಮ್ಮ ಕಡೆಯ ಬೋರಮಾಳ, ಠುಸಿ, ಪುತಳಿ ಸರ, ಮಂಗಳಸೂತ್ರ ಇವೆಲ್ಲ ಅವನ ಕೈಯಿಂದಲೇ ದಾಟಿ ಬರುವಂಥವು. ಬೋರೆಹಣ್ಣಿನ ಆಕಾರದ ಟೊಳ್ಳು ಗುಂಡುಗಳದು ಬೋರಮಾಳ. ಸಾಸಿವೆಯಂಥ ಗುಂಡುಗಳನ್ನು ಸಂದಿಲ್ಲದಂತೆ ಒತ್ತಾಗಿ ಹೆಣೆದು ಕೊರಳಿಗೆ ಹತ್ತಿ ಕೂಡುವಂತೆ ಮಾಡಿದ್ದು ಠುಸಿ. ಎರಡರಲ್ಲಿಯೂ ಚಿನ್ನ ಅಕ್ಕಸಾಲಿಗನದು, ರೂಪ ಪಟವೇಗಾರನದು.

ಸರಾಫರ ಅಂಗಡಿಯ ಕಟ್ಟೆಯ ಮೇಲೆ ಒಂದು ಚಾಪೆ, ಒಂದು ಗೂಟದ ಹಲಗೆ, ದಾರದ ಉಂಡೆಗಳು, ಒಂದು ಕತ್ತರಿ. ಇಷ್ಟೇ ಅವರ ಬಂಡವಾಳ. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಕಾಲನ್ನು ಮುಂದೆ ಹಿಂದೆ ಸರಿಸುತ್ತ ಬಿಗಿ ನೋಡಿಕೊಳ್ಳುತ್ತಾರೆ. ಹಿಂದೆ ಆ ಸಾಲಿನಲ್ಲಿ ಐದಾರು ಜನ ಕುಳಿತುಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಈಗ ಇವರೊಬ್ಬರೇ. ಮಗ ಮೋಬೈಲ್ ರಿಪೇರಿ ಮಾಡುತ್ತಾನೆ. ತಂದೆಯ ಕೆಲಸ ಬೇಡವೆಂದ. ಅದರಲ್ಲಿ ಅವನ ತಪ್ಪೇನೂ ಇಲ್ಲ, ಅವನಿಗೂ ಸಂಸಾರವಿದೆ.

ಕಲಿಸಿ ಕೊಡಿರೆಂದು ಕೇಳಿದಾಗ ಅವರು ನಕ್ಕರು.

"ಸಾವಕಾರ್ರ, ಈ ವಯಸ್ಸಿನಾಗ ನಿಮಗ್ಯಾಕ ಈ ಉಸಾಬರಿ?"

"ಹೊತ್ತು ಹೋಗೂದಿಲ್ರಿ."

"ಹೊತ್ತ ಹೋಗಲಾರ್ದವ್ರು ಕಲಿಯೂ ಕೆಲಸಲ್ರಿ ಇದು. ಹೊತ್ತ ಸಾಲೂದಿಲ್ಲ ಇದಕ."

ಕೊನೆಗೆ ಒಪ್ಪಿದರು, ಆದರೆ ಹಣ ಬೇಡವೆಂದರು. ಇದನ್ನು ನಾನು ಒಪ್ಪಲಿಲ್ಲ. ಒಂದು ದಿನಕ್ಕೆ ಅವರ ಗಳಿಕೆ ಎಷ್ಟೋ ಅಷ್ಟನ್ನು ನಾನು ಹೋದ ದಿನವೆಲ್ಲ ಅವರ ಚಾಪೆಯ ಕೆಳಗೆ ಇಟ್ಟು ಬಂದೆ. ನಮ್ಮ ವ್ಯಾಪಾರಿ ಜನಕ್ಕೆ ಚೌಕಾಸಿ ರಕ್ತದಲ್ಲಿಯೇ ಬಂದದ್ದು. ಆದರೆ ವಿದ್ಯೆಯ ವಿಷಯದಲ್ಲಿ ಅದನ್ನು ಅಂಗಡಿಯಲ್ಲಿ ಬಿಟ್ಟು ಹೋಗುವುದು ಒಳ್ಳೆಯದು. ಬೇಸಿಗೆಯ ಎರಡು ತಿಂಗಳು, ವಾರಕ್ಕೆ ಎರಡು ದಿನ, ಎಸ್.ಟಿ. ಬಸ್ಸಿನಲ್ಲಿ ಸುಮಾರು 40 ಕಿ.ಮೀ. ಹೋಗಿ ಬಂದೆ.

ಜಪಮಾಲೆಯ ಲೆಕ್ಕ

ಮೊದಲು ಅವರು ಕಲಿಸಿದ್ದು ಗಂಟು. ಮಣಿಯ ಮಾತೇ ಇಲ್ಲ, ಬರೀ ದಾರ. ಗಂಟನ್ನು ಮಣಿಗೆ ಹತ್ತಿ ಕೂಡಿಸುವುದೇ ಇದರ ಕಸಬು. ಗಂಟಿನ ಕುಣಿಕೆಯೊಳಗೆ ಸೂಜಿಯನ್ನು ನಿಲ್ಲಿಸಿ, ಸೂಜಿಯ ಮೊನೆಯಿಂದ ಗಂಟನ್ನು ಮಣಿಯ ಬುಡಕ್ಕೆ ದೂಡುತ್ತ ಹೋಗಿ, ಅದು ಮುಟ್ಟಿದ ಮೇಲೆ ಸೂಜಿ ಎಳೆದುಕೊಂಡು ಬಿಗಿಯಬೇಕು. ಸೂಜಿ ಬೇಗ ತೆಗೆದರೆ ಗಂಟು ನಡುವೆಯೇ ಕೂಡುತ್ತದೆ, ಮಣಿ ಅಲ್ಲಾಡುತ್ತದೆ. ಅಲ್ಲಾಡುವ ಮಣಿ ತನ್ನ ರಂಧ್ರದ ಅಂಚಿನಿಂದ ತನ್ನ ದಾರವನ್ನೇ ಕೊಯ್ಯುತ್ತದೆ. ಸರ ಹರಿಯುವುದು ಎಳೆತದಿಂದ ಕಡಿಮೆ, ಈ ಉಜ್ಜುವಿಕೆಯಿಂದ ಹೆಚ್ಚು.

ಮಣಿಗೊಂದು ಗಂಟು ಏಕೆಂದರೆ, ದಾರ ಹರಿದರೂ ಒಂದೇ ಮಣಿ ಉದುರುತ್ತದೆ, ಉಳಿದವು ಅಲ್ಲಿಯೇ ನಿಲ್ಲುತ್ತವೆ. ಬಸದಿಯ ಕಲ್ಲು ಹಾಸಿನ ಮೇಲೆ ಸ್ಫಟಿಕದ ಮಾಲೆ ಹರಿದು ನೂರೆಂಟು ದಿಕ್ಕಿಗೆ ಉರುಳಿದ್ದನ್ನು ಕಂಡವರಿಗೆ ಈ ಗಂಟಿನ ಬೆಲೆ ಬೇರೆ ಹೇಳಬೇಕಿಲ್ಲ.

ನಮ್ಮ ಜಪಮಾಲೆಯಲ್ಲಿ 108 ಮಣಿ, ಮೇಲೆ ರತ್ನತ್ರಯದ 3 ಮಣಿ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರ. ನೂರೆಂಟರ ಲೆಕ್ಕವನ್ನು ನಮ್ಮ ಮಕ್ಕಳು ಕೇಳಿರಲಿಕ್ಕಿಲ್ಲ. ಸಂರಂಭ, ಸಮಾರಂಭ, ಆರಂಭ ಮೂರು. ಮನ, ವಚನ, ಕಾಯ ಮೂರು. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರು. ಕ್ರೋಧ, ಮಾನ, ಮಾಯೆ, ಲೋಭ ನಾಲ್ಕು. ಮೂರು ಮೂರಲೆ ಒಂಬತ್ತು, ಒಂಬತ್ತು ಮೂರಲೆ ಇಪ್ಪತ್ತೇಳು, ಇಪ್ಪತ್ತೇಳು ನಾಲ್ಕಲೆ ನೂರೆಂಟು. ಪಾಪದ ಬಾಗಿಲು ಇಷ್ಟೆಂದು ಎಣಿಸಿಟ್ಟ ಲೆಕ್ಕವಿದು. ನಾನು ಈ ಲೆಕ್ಕವನ್ನು ಹುಡುಗನಿದ್ದಾಗ ಬಾಯಿಪಾಠ ಮಾಡಿದ್ದೆ. ಒಂದೊಂದು ಮಣಿಗೆ ಒಂದೊಂದು ಗಂಟು ಹಾಕುತ್ತ ಕುಳಿತಾಗ ಅದು ಎಷ್ಟು ಉದ್ದದ ಲೆಕ್ಕವೆಂಬುದು ಬೆರಳಿಗೆ ತಿಳಿಯಿತು.

ಮಾಡುವವರಿಗೆ ಅನುಕೂಲವಾಗಲೆಂದು ಅಳತೆಯನ್ನೂ ಬರೆಯುತ್ತೇನೆ. 6 ಮಿ.ಮೀ. ಮಣಿ 108 ಎಂದರೆ 648 ಮಿ.ಮೀ. ಗಂಟಿಗೆ ಒಂದೊಂದು ಮಿ.ಮೀ. ಹಿಡಿದರೆ 756, ಅಂದರೆ ಸುಮಾರು 30 ಇಂಚಿನ ಮಾಲೆ. 8 ಮಿ.ಮೀ. ಮಣಿಯಾದರೆ ಗಂಟು ಸೇರಿ 38 ಇಂಚು ದಾಟುತ್ತದೆ, ಕೈಗೆ ಭಾರ. ದಾರವನ್ನು ಮಾಲೆಯ ಉದ್ದದ ನಾಲ್ಕು ಪಟ್ಟು ಕತ್ತರಿಸಿ ಜೋಡಿ ಮಾಡಿಕೊಂಡರೆ ನಡುವೆ ಸಾಲದೆ ಬರುವುದಿಲ್ಲ. ಕೊರಳ ಸರಕ್ಕೆ 16 ಇಂಚು ಸಾಮಾನ್ಯ; ಗಂಟಿಲ್ಲದೆ ಪೋಣಿಸಿದರೆ 6 ಮಿ.ಮೀ. ಮಣಿ 68 ಬೇಕು.

ಮೊದಲನೆಯ ಮಾಲೆಗೆ ನನಗೆ ಮೂರು ಮಧ್ಯಾಹ್ನ ಹಿಡಿಯಿತು. ಗುರುಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಜೋರಾಗಿ ಜಗ್ಗಿ ನೋಡಿದರು, ಹಿಂತಿರುಗಿ ಕೊಟ್ಟರು, ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಸರಿಯಿದೆ ಎಂದರ್ಥ.

ಮೊಮ್ಮಗಳ ಶಾಲೆ

ತಂತಿಯ ಕೆಲಸ ಬೇರೆ ತರಹ. ಇಲ್ಲಿ ಗಂಟಿಲ್ಲ, ಕುಣಿಕೆಯುಂಟು. ಪುಣೆಯಿಂದ ರಜೆಗೆ ಬಂದ ಮೊಮ್ಮಗಳು ಮೂರು ಪಕ್ಕಡ ತಂದಿದ್ದಳು. ಒಂದು ದುಂಡು ಮೂತಿಯದು, ಒಂದು ಚಪ್ಪಟೆ ಮೂತಿಯದು, ಒಂದು ತಂತಿ ಕತ್ತರಿಸುವುದು. ಆರಂಭಕ್ಕೆ ಇಷ್ಟು ಸಾಕು. ಆದರೆ ಹಲ್ಲುಳ್ಳ ಪಕ್ಕಡ ಬೇಡ, ತಂತಿಯ ಮೇಲೆ ಗಾಯ ಬೀಳುತ್ತದೆ.

ತಂತಿಗೆ ನಂಬರು ಉಂಟು. ನಂಬರು ಹೆಚ್ಚಾದಂತೆ ತಂತಿ ಸಣ್ಣ. ನಮ್ಮ ಪೇಟೆಯಲ್ಲಿ ನಡೆಯುವ ಗೇಜಿನಂತೆ 20 ನಂಬರೆಂದರೆ 0.91 ಮಿ.ಮೀ., 24 ಎಂದರೆ 0.56, 28 ಎಂದರೆ 0.38. ಕೊಂಡಿಗೆ, ಕಿವಿಯ ಕೊಕ್ಕೆಗೆ 20. ಮಣಿಯಲ್ಲಿ ತೂರಿಸಿ ಕುಣಿಕೆ ಮಾಡಲು 24. ಸುತ್ತಿ ಸುತ್ತಿ ಬಿಗಿಯಲು 28. ಅಮೇರಿಕದ ಗೇಜಿನಲ್ಲಿ ಅದೇ ನಂಬರಿಗೆ ತಂತಿ ತುಸು ಸಣ್ಣದಿರುತ್ತದೆ, ಆದ್ದರಿಂದ ಹೊರಗಿನಿಂದ ತರಿಸುವವರು ಮಿ.ಮೀ. ಕೇಳಿಕೊಳ್ಳಬೇಕು.

ಕಲಿಯಲು ಬೆಳ್ಳಿಯ ತಂತಿ ಬೇಕಿಲ್ಲ. ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ತಾಮ್ರದ ತಂತಿ ತೂಕದಿಂದ ಸಿಗುತ್ತದೆ. ಉಳಿದ ತುಂಡುಗಳನ್ನು ಅಗ್ಗಕ್ಕೂ ಕೊಡುತ್ತಾರೆ. ಅದರ ಮೇಲೆ ತೆಳುವಾದ ವಾರ್ನಿಶ್ ಲೇಪ ಇರುವುದರಿಂದ ಬೆವರಿಗೆ ಬೇಗ ಹಸಿರು ತಿರುಗುವುದಿಲ್ಲ. ಬರಿಯ ತಾಮ್ರ ಗಟ್ಟಿಯಾಯಿತೆಂದರೆ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಲೇಪವಿರುವ ತಂತಿಯನ್ನು ಮಾತ್ರ ಹೀಗೆ ಕಾಯಿಸಬಾರದು, ಕೆಟ್ಟ ಹೊಗೆ ಬರುತ್ತದೆ.

ಕುಣಿಕೆ ಮಾಡುವ ಬಗೆ ಹೀಗೆ. ಮಣಿಯಲ್ಲಿ ತಂತಿ ತೂರಿಸಿ, ಮೇಲೆ ಸುಮಾರು 10 ಮಿ.ಮೀ. ಬಿಟ್ಟು ಕತ್ತರಿಸಬೇಕು. ಮಣಿಯ ತಲೆಗೆ ಹತ್ತಿಸಿ ತಂತಿಯನ್ನು ಮೂಲೆಗಟ್ಟಾಗಿ ಒಂದು ಬದಿಗೆ ಬಗ್ಗಿಸಬೇಕು. ಆ ಮೇಲೆ ದುಂಡು ಪಕ್ಕಡದಿಂದ ತಂತಿಯ ತುದಿಯನ್ನು ಹಿಡಿದು ಎದುರು ಬದಿಗೆ ಹೊರಳಿಸುತ್ತ ತರಬೇಕು. ಒಂದೇ ತಿರುವಿಗೆ ಆಗುವುದಿಲ್ಲ. ಅರ್ಧ ತಿರುಗಿಸಿ, ಪಕ್ಕಡ ಬಿಟ್ಟು ಹಿಡಿದು, ಉಳಿದರ್ಧ ತಿರುಗಿಸಬೇಕು. ಮೊದಲು ಬದಿಗೆ ಬಗ್ಗಿಸದೆ ಹೊರಳಿಸಿದರೆ ಕುಣಿಕೆ ಮಣಿಯ ಒಂದು ಪಕ್ಕಕ್ಕೆ ಜೋತುಬೀಳುತ್ತದೆ. ಬಗ್ಗಿಸಿ ಹೊರಳಿಸಿದರೆ ಮಣಿಯ ನಡುನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ಎಲ್ಲ ಕುಣಿಕೆಯೂ ಒಂದೇ ಅಳತೆಗೆ ಬರಬೇಕಾದರೆ ಪಕ್ಕಡದ ಮೂತಿಯ ಮೇಲೆ ಶಾಯಿಯ ಗೆರೆ ಹಾಕಿಕೊಂಡು ದಿನವೂ ಆ ಗೆರೆಯಲ್ಲಿಯೇ ಸುತ್ತಬೇಕು. ಮೊಮ್ಮಗಳು ನನ್ನಿಂದ ಮಣಿಯಿಲ್ಲದೆ ನೂರು ಕುಣಿಕೆ ಮಾಡಿಸಿದಳು. ಪಟವೇಗಾರರೂ ಮೊದಲು ಬರೀ ದಾರ ಕೊಟ್ಟಿದ್ದರು. ಗುರುಗಳು ಬೇರೆ, ಪದ್ಧತಿ ಒಂದೇ.

ಕುಣಿಕೆಗೆ ಕುಣಿಕೆ ಕೂಡಿಸುವ ಸಣ್ಣ ಬಳೆಗೆ ಕಡಿ ಎನ್ನುತ್ತಾರೆ. ಕಡಿಯನ್ನು ತೆರೆಯುವಾಗ ಎಲ್ಲರ ಕೈಯೂ ಅದನ್ನು ಎರಡೂ ಬದಿಗೆ ಅಗಲಿಸಲು ಹೋಗುತ್ತದೆ.

"ಅಜ್ಜಾ, ಹಂಗ ಅಗಲಸಬ್ಯಾಡ್ರಿ. ಒಂದು ತುದಿ ನಿಮ್ಮ ಕಡೆ, ಒಂದು ತುದಿ ನನ್ನ ಕಡೆ. ಬಾಗಲಾ ತೆರದಂಗ."

ಬಾಗಿಲು ತೆರೆದಂತೆ ತಿರುವಿದರೆ ದುಂಡು ಕೆಡುವುದಿಲ್ಲ, ಮುಚ್ಚಿದಾಗ ತುದಿಗೆ ತುದಿ ಕೂಡುತ್ತದೆ. ಅಗಲಿಸಿದ ಕಡಿ ಮತ್ತೆ ಸರಿಯಾಗಿ ಕೂಡುವುದಿಲ್ಲ. ಆ ಸಂದಿಯಿಂದಲೇ ಪದಕ ಜಾರಿ ಬೀಳುವುದು. ಪೇಟೆಯಲ್ಲಿ ಕೊಂಡ ಸಿದ್ಧ ಸರಗಳಲ್ಲಿಯೂ ಕಡಿಯ ಸಂದಿಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು.

ಭಾರವಾದ ಕಲ್ಲಿನ ಮಣಿಗೆ ಈಗ ಗೇರ್ ವಾಯರ್ ಎಂಬುದು ಸಿಗುತ್ತದೆ. ಕೂದಲಿನಂಥ ಉಕ್ಕಿನ ಎಳೆಗಳನ್ನು ಹೊಸೆದು ಮೇಲೆ ನೈಲಾನ್ ಹೊದಿಸಿದ್ದು. ಏಳು ಎಳೆಯದು ಅಗ್ಗ, ಬೇಗ ಮಡಿಕೆ ಬೀಳುತ್ತದೆ. ನಲವತ್ತೊಂಬತ್ತು ಎಳೆಯದು ದಾರದಂತೆ ಬಳುಕುತ್ತದೆ. ಇದಕ್ಕೆ ಗಂಟು ನಿಲ್ಲುವುದಿಲ್ಲ. ಗೇರ್ ಲಾಕ್ ಎಂಬ ಪುಟ್ಟ ಲೋಹದ ಮಣಿಯನ್ನು ತೂರಿಸಿ ಪಕ್ಕಡದಿಂದ ಒತ್ತಿಬಿಡಬೇಕು.

ನಮ್ಮ ವಯಸ್ಸಿನವರಿಗೆ ಎರಡು ಸೂಚನೆ. ಕೆಲಸಕ್ಕೆ ಕೂಡುವಾಗ ಕೆಳಗೆ ರೋಮದ ಟವೆಲು ಹಾಸಿಕೊಂಡರೆ ಮಣಿ ಉರುಳುವುದಿಲ್ಲ. ತಂತಿ ಕತ್ತರಿಸುವಾಗ ತುದಿಯ ಮೇಲೆ ಬೆರಳು ಇಟ್ಟಿರಬೇಕು, ಚೂರು ಹಾರಿದರೆ ಕಣ್ಣಿಗೇ ಹೋಗುತ್ತದೆ. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಮಣಿಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ಎತ್ತರಕ್ಕಿಡಬೇಕು, ಇದು ಮೂರನೆಯದು.

ಯಾವ ಮಣಿ ಹಿಡಿಯಬೇಕು, ಯಾವುದು ಬಿಡಬೇಕು

ಇಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚು ವಿಚಾರ ಆಗಬೇಕಾಗಿದೆ. ಊಟದ ತಾಟಿನಲ್ಲಿ ನಾವು ಇಷ್ಟು ನೋಡುತ್ತೇವೆ, ಕೊರಳಲ್ಲಿ ನೋಡುವುದಿಲ್ಲ. ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯ ಮತ್ತು ಲಾಕ್ಷಾವಾಣಿಜ್ಯ ಎಂದು ಹೆಸರು ಹಿಡಿದೇ ಹೇಳಿದ್ದಾರೆ. ದಂತವೆಂದರೆ ಆನೆಯ ದಂತ ಮತ್ತು ಅಂಥ ಪ್ರಾಣಿಜನ್ಯ ಸರಕು. ಲಾಕ್ಷಾ ಎಂದರೆ ಅರಗು. ಆನೆದಂತದ ವ್ಯಾಪಾರವನ್ನು ಸರಕಾರವೂ 1986ರಲ್ಲಿ ನಿಷೇಧಿಸಿತು. ಆದರೆ ಅದರ ಜಾಗಕ್ಕೆ ಎಲುಬಿನ ಮಣಿ ಬಂದಿವೆ, ಬಣ್ಣ ಹಾಕಿದ್ದರೆ ಗುರುತು ಸಿಗುವುದಿಲ್ಲ. ಸಂಶಯ ಬಂದರೆ ಕಾಯಿಸಿದ ಸೂಜಿಯ ಮೊನೆ ಮುಟ್ಟಿಸಿ ನೋಡಿರಿ, ಕೂದಲು ಸುಟ್ಟ ವಾಸನೆ ಬಂದರೆ ಎಲುಬು. ಅರಗು ಮರದ ಮೇಲಿನ ಸಣ್ಣ ಕೀಟಗಳಿಂದ ಬರುವ ವಸ್ತು. ಬೋರಮಾಳದ ಟೊಳ್ಳು ಗುಂಡಿನೊಳಗೆ ತುಂಬುವುದು ಅದೇ ಅರಗು ಎಂದರೆ ಎಷ್ಟೋ ಮನೆಯವರಿಗೆ ಆಶ್ಚರ್ಯವಾಗುತ್ತದೆ.

ಮುತ್ತಿನ ಮಾತು ಇನ್ನೂ ಕಠಿಣ. ಹೈದರಾಬಾದಿನ ಮುತ್ತೆಂದು ಹೆಸರು, ಹೈದರಾಬಾದಿಗೆ ಸಮುದ್ರವಿಲ್ಲ. ಹಿಂದೆ ಇರಾಣದ ಕೊಲ್ಲಿಯಿಂದ ಬರುತ್ತಿತ್ತು, ಈಗ ಹೆಚ್ಚಿನದು ಚೀನದ ಸಿಹಿನೀರಿನ ಕೃಷಿಯದು. ಜಪಾನಿನ ಮಿಕಿಮೊಟೊ 1893ರಲ್ಲಿ ಕೃಷಿಯ ಮುತ್ತು ಬೆಳೆಸಿದ ಮೇಲೆ ಮುತ್ತು ಸೋವಿಯಾಯಿತು. ಆದರೆ ಚಿಪ್ಪಿನ ಜೀವಿಯ ಮೈ ಕೊಯ್ದು ಒಳಗೆ ವಸ್ತು ಇಟ್ಟು ಬೆಳೆಸುವುದಂತೂ ತಪ್ಪಲಿಲ್ಲ. ಕೃತಕ ಮುತ್ತು ಹಿಡಿದರೆ ಮುಗಿಯಿತೆಂದು ತಿಳಿಯಬೇಡಿರಿ. ಮೀನಿನ ಹುರುಪೆಯಿಂದ ತೆಗೆದ ಹೊಳಪಿನ ದ್ರವವನ್ನು ಗಾಜಿಗೆ ಹಚ್ಚುವ ಪದ್ಧತಿ ಫ್ರಾನ್ಸಿನಲ್ಲಿ 17ನೆಯ ಶತಮಾನದಿಂದಲೂ ನಡೆದು ಬಂದಿದೆ. ಕೊಳ್ಳುವಾಗ ಕೇಳಿ ಕೊಳ್ಳಬೇಕು. ಹವಳವೂ ಸಮುದ್ರದ ಜೀವಿಗಳದೇ ಗೂಡು. ನಮ್ಮ ದೇಶದ ಹವಳದ ದಿಬ್ಬಗಳನ್ನು ಮುರಿದು ತರುವುದು ವನ್ಯಜೀವಿ ಕಾಯ್ದೆಯಂತೆ ಅಪರಾಧವೂ ಹೌದು.

ದಾರದಲ್ಲಿಯೂ ನೋಡುವುದುಂಟು. ಪಟವೇಗಾರರ ಹಳೆಯ ದಾರ ರೇಷ್ಮೆ. ಹುಳವನ್ನು ಗೂಡಿನೊಳಗೇ ಬೇಯಿಸಿ ತೆಗೆದದ್ದು. ದಾರ ಸರಾಗವಾಗಿ ಓಡಲೆಂದು ಅವರು ಉಜ್ಜುವುದು ಜೇನುಮೇಣ. ನಾನು ಗುರುಗಳಿಗೆ ನಮ್ಮ ಆಚಾರ ತಿಳಿಸಿ ನೂಲಿನ ದಾರ, ಜೇನುಮೇಣದ ಬದಲು ಸಾದಾ ಮೇಣಬತ್ತಿ ಇಟ್ಟುಕೊಂಡೆ. ಈಗಿನ ಮೇಣಬತ್ತಿ ಪೆಟ್ರೋಲಿಯಮ್ಮಿನದು. ಸೊಲ್ಲಾಪುರದಲ್ಲಿ ನೂಲಿಗೇನು ಬರಗಾಲವೇ? ಒಳ್ಳೆಯ ಹೊಸೆದ ನೂಲು ಜಪಮಾಲೆಗೆ ಚೆನ್ನಾಗಿ ತಾಳುತ್ತದೆ, ಭಾರದ ಸರಕ್ಕೆ ನೈಲಾನ್ ಇದೆ.

ಹಾಗಾದರೆ ಉಳಿದದ್ದೇನು ಎಂದು ಕೇಳುತ್ತೀರಿ. ಬೇಕಾದಷ್ಟು ಉಳಿಯುತ್ತದೆ. ಗುಜರಾತಿನ ಖಂಭಾತದ ಅಕೀಕ ಮಣಿ ನೋಡಿರಿ. ಕಂದು ಬಣ್ಣದ ಕಲ್ಲನ್ನು ಮಡಕೆಯಲ್ಲಿಟ್ಟು ಕಾಯಿಸಿದರೆ ಕೆಂಪಾಗುತ್ತದೆ. ಈ ಕೆಲಸ ಆ ಪ್ರಾಂತದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು. ಕನ್ನಡಿಗರಾದ ಡಾ. ಎಸ್. ಆರ್. ರಾವ್ ಅವರು 1955ರಿಂದ ಲೋಥಲಿನಲ್ಲಿ ಅಗೆಸಿದಾಗ ಮಣಿ ಮಾಡುವ ಕಾರ್ಖಾನೆಯೇ ಸಿಕ್ಕಿತು. ನಮ್ಮ ಹತ್ತಿರದ ತೇರ ಊರು, ಹಿಂದಿನ ತಗರ, ಪರದೇಶದ ವ್ಯಾಪಾರಕ್ಕೆ ಹೆಸರಾಗಿತ್ತು; ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮಣಿಗಳನ್ನು ಇಂದಿಗೂ ನೋಡಬಹುದು. ಗಾಜಿನ ಮಣಿ ಉತ್ತರ ಪ್ರದೇಶದ ಪುರ್ದಿಲನಗರದಿಂದ ಬರುತ್ತದೆ. ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ಕರಗಿದ ಗಾಜನ್ನು ಉದ್ದನೆಯ ಕೊಳವೆಯಾಗಿ ಎಳೆದು, ಚೂರು ಚೂರು ಕತ್ತರಿಸಿ, ಬೂದಿಯಲ್ಲಿ ಹೊರಳಿಸಿ ಕಾಯಿಸಿ ಅಂಚು ದುಂಡಗೆ ಮಾಡುತ್ತಿದ್ದರು. ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿ ಎರಡು ಸಾವಿರ ವರ್ಷದ ಹಿಂದೆ ಇದ್ದದ್ದೂ ಇದೇ ಪದ್ಧತಿ. ಇವಲ್ಲದೆ ಹಿತ್ತಾಳೆ, ಬೆಳ್ಳಿ, ಮಣ್ಣು, ಗಂಧದ ಕಟ್ಟಿಗೆ. ವೈಜಯಂತಿಯ ಬೀಜಕ್ಕೆ ಹುಟ್ಟಿನಿಂದಲೇ ರಂಧ್ರವಿರುತ್ತದೆ, ಕೊರೆಯುವುದೇ ಬೇಡ. ಆದರೆ ಬೀಜದಲ್ಲಿ ಜೀವವಿದೆಯಲ್ಲ ಎಂದು ನಮ್ಮ ಅಕ್ಕನವರ ಆಕ್ಷೇಪ, ಅದಕ್ಕೆ ಉತ್ತರ ನನ್ನಲ್ಲಿಲ್ಲ. ಗುಲಗಂಜಿಯನ್ನು ಮಾತ್ರ ಮಕ್ಕಳಿರುವ ಮನೆಯಲ್ಲಿ ಬಳಸಲೇಬೇಡಿರಿ. ಕೊರೆದ ಗುಲಗಂಜಿ ಹೊಟ್ಟೆಗೆ ಹೋದರೆ ಘಾತಕ ವಿಷ.

ಸ್ಫಟಿಕ ಕೊಳ್ಳುವವರಿಗೆ ಅಂಗಡಿಕಾರನ ಮಾತು. ಗಾಜಿನಲ್ಲಿ ಗಾಳಿಯ ಗುಳ್ಳೆ ಇರಬಹುದು, ಸ್ಫಟಿಕದಲ್ಲಿ ಇರುವುದಿಲ್ಲ. ಸ್ಫಟಿಕ ಗಾಜಿನ ಮೇಲೆ ಗೆರೆ ಎಳೆಯುತ್ತದೆ. ಕೆನ್ನೆಗೆ ಹಿಡಿದರೆ ತಂಪು ಬಹಳ ಹೊತ್ತು ಉಳಿಯುತ್ತದೆ. ಜರ್ಮನ್ ಸಿಲ್ವರ್ ಎಂದು ಮಾರುವುದರಲ್ಲಿ ಬೆಳ್ಳಿಯ ಅಂಶ ಇಲ್ಲ. ತಾಮ್ರ, ನಿಕಲ್, ಸತುವು ಅಷ್ಟೇ. ನಿಕಲ್ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ.

ಅವ್ವನ ಮುತ್ತಿನ ಸರ

ಇಷ್ಟೆಲ್ಲ ಬರೆದವನ ಮನೆಯ ಡಬ್ಬಿಯಲ್ಲಿಯೂ ಮುತ್ತು ಇತ್ತು. ನಮ್ಮ ಅವ್ವನವರ ಎರಡೆಳೆಯ ಸರ, ದಾರ ಕೊಳೆತು ಹೋಗಿತ್ತು. ಪೋಣಿಸಬೇಕೋ ಬೇಡವೋ ಎಂದು ಮನೆಯಲ್ಲಿ ಎರಡು ದಿನ ಮಾತು ನಡೆಯಿತು. ಮೊಮ್ಮಗಳು ತಾನು ಹಾಕಿಕೊಳ್ಳುವುದಿಲ್ಲ ಎಂದಳು. ನಮ್ಮ ಅಕ್ಕನವರಿಗೆ ಕಣ್ಣಲ್ಲಿ ನೀರು. "ಅವ್ವನ ಕೊರಳಾಗ ಇದ್ದದ್ದು. ಜೀವ ಹೋಗಿ ನೂರ ವರ್ಷ ಆತು, ಈಗ ಬಿಸಾಕಿದ್ರ ಅದು ತಿರುಗಿ ಬರ್ತದೇನು?" ಮಗ, ವ್ಯಾಪಾರಿಯಲ್ಲವೇ, ಮಾರಿ ಆ ಹಣವನ್ನು ಗೋಶಾಲೆಗೆ ಕೊಡೋಣ ಎಂದ. ಮಾರಿದರೆ ಇನ್ನೊಬ್ಬರ ಕೊರಳಿಗೆ ಹೋಗುತ್ತದೆ, ಅದೂ ಅನುಮೋದನೆಯೇ ಎಂದು ನನ್ನ ವಿಚಾರ. ಹೊಸದು ಕೊಳ್ಳುವುದಿಲ್ಲ, ಹಳೆಯದನ್ನು ಮಾರುವುದಿಲ್ಲ ಎಂದು ಕೊನೆಗೆ ಆಯಿತು. ನೂಲಿನ ದಾರದಲ್ಲಿ ಮಣಿಗೊಂದು ಗಂಟು ಹಾಕಿ ನಾನೇ ಪೋಣಿಸಿದೆ. ಸರ ಈಗ ಅಕ್ಕನವರ ಹತ್ತಿರ ಇದೆ. ಯಾರೂ ಧರಿಸಿಲ್ಲ. ಮುನಿಮಹಾರಾಜರ ವಿಹಾರ ಈ ಕಡೆ ಬಂದಾಗ ಕೇಳುವುದೆಂದು ಇಟ್ಟಿದ್ದೇವೆ.

ಇದರಲ್ಲಿ ಧಂದಾ ಉಂಟೇ?

ನಮ್ಮ ವಾಚಕರು ಈ ಪ್ರಶ್ನೆ ಕೇಳದೆ ಬಿಡುವವರಲ್ಲ. ಹೊಸ ಸರ ಮಾಡಿ ಮಾರುವುದರಲ್ಲಿ ಇಲ್ಲ ಎಂದು ನನ್ನ ಸ್ಪಷ್ಟ ಅಭಿಪ್ರಾಯ. ಒಂದು ಸಾದಾ ಸರಕ್ಕೆ ಎರಡು ತಾಸು ಬೇಕು. ಮಜೂರಿ ಹಿಡಿದರೆ, ಪೇಟೆಗೆ ಬರುವ ಸಿದ್ಧ ಮಾಲಿನ ಎದುರು ನಿಲ್ಲಲಾಗುವುದಿಲ್ಲ. ಆ ಮಾಲನ್ನು ನಾನೇ ಮಾರಿದವನು, ಅದರ ದರ ನನಗೆ ಗೊತ್ತು. ಬೇಸರ ಕಳೆಯಲು, ಮಗಳಂದಿರಿಗೆ ಕಾಣಿಕೆ ಕೊಡಲು ಮಾಡಿರಿ.

ರಿಪೇರಿಯ ಮಾತು ಬೇರೆ. 2025ರಲ್ಲಿ ಚಿನ್ನ ಹತ್ತು ಗ್ರಾಮಿಗೆ ಒಂದು ಲಕ್ಷ ರೂಪಾಯಿ ದಾಟಿತು. ಈಗ ಹಳೆಯ ಒಡವೆಯನ್ನು ಕರಗಿಸಿ ಮಜೂರಿ ಕೊಟ್ಟು ಹೊಸದು ಮಾಡಿಸುವುದಕ್ಕಿಂತ ಇದ್ದದ್ದನ್ನೇ ಮತ್ತೆ ಕಟ್ಟಿಸುವವರು ಹೆಚ್ಚು. ಕರಿಮಣಿ ಸರ ಹರಿದ ಹೆಣ್ಣುಮಗಳು ನಾಳೆಯವರೆಗೆ ಬರಿಗೊರಳಲ್ಲಿ ಇರಲು ಒಪ್ಪುವುದಿಲ್ಲ, ಆಕೆಗೆ ಅದೇ ದಿನ ಆಗಬೇಕು. ನಮ್ಮೂರಿನಲ್ಲಿ ಕಟ್ಟಿಕೊಡುವವರಿಲ್ಲದೆ ಹರಿದ ಸರವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಅರಿಷಿಣದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಸೊಲ್ಲಾಪುರದ ಬಸ್ಸು ಹತ್ತಿದವರನ್ನು ನಾನು ನಮ್ಮ ಅಂಗಡಿಯ ಕಟ್ಟೆಯಿಂದ ಕಂಡಿದ್ದೇನೆ. ಅಲ್ಲಿಯೂ ಈಗ ಒಬ್ಬರೇ. ಅವರ ಕಣ್ಣಿಗೆ ಮೋತಿಬಿಂದು ಬರುತ್ತಿದೆ, ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ.

ಆದ್ದರಿಂದ ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಭಾಗದ ನಮ್ಮ ಮಹಿಳಾ ಮಂಡಳಗಳಿಗೆ ಒಂದು ವಿನಂತಿ. ರಂಗೋಲಿ, ಮೆಹೆಂದಿಯ ವರ್ಗ ನಡೆಸುವಂತೆ ಒಂದು ತಿಂಗಳು ಪಟವೇಗಾರರನ್ನು ಕರೆಸಿ, ಸನ್ಮಾನದ ಶಾಲಿನೊಡನೆ ಸರಿಯಾದ ಗೌರವಧನವನ್ನೂ ಕೊಟ್ಟು, ಐದಾರು ಜನ ತರುಣಿಯರಿಗೆ ಗಂಟು ಮತ್ತು ಗೊಂಡೆಯ ಕೆಲಸ ಕಲಿಸಬೇಕು. ಶಾಲು ಬೇಕಾದರೆ ಬಿಡಬಹುದು. ನಮ್ಮೂರಿನ ಇಬ್ಬರು ಹೆಣ್ಣುಮಕ್ಕಳು ಈಗಾಗಲೇ ನನ್ನ ಜೊತೆ ಬಸ್ಸಿನಲ್ಲಿ ಬರತೊಡಗಿದ್ದಾರೆ. ಅವರಲ್ಲಿ ಒಬ್ಬಾಕೆ ಠುಸಿ ಹೆಣೆಯುವವರೆಗೆ ಮುಟ್ಟಿದ್ದಾಳೆ, ನಾನು ಇನ್ನೂ ಮುಟ್ಟಿಲ್ಲ.

ತಾವೇ ಹೋಗಿ ನೋಡಬೇಕೆನ್ನುವವರಿಗೆ: ಸರಾಫ ಬಜಾರಿನಲ್ಲಿ ಪಟವೇಗಾರರೆಂದು ಕೇಳಿದರೆ ಯಾರೂ ತೋರಿಸುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ಬೆಳಕು ಇರುವವರೆಗೆ ಕುಳಿತಿರುತ್ತಾರೆ, ದೀಪದ ಬೆಳಕಿನಲ್ಲಿ ಈಗ ಕೆಲಸ ಮಾಡುವುದಿಲ್ಲ. ಹರಿದ ಸರವನ್ನು ಒಯ್ಯುವವರು ಮನೆಯಲ್ಲಿಯೇ ಮಣಿ ಎಣಿಸಿ, ಚಿನ್ನದ ಗುಂಡುಗಳನ್ನು ತೂಗಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಹಳೆಯ ದಾರದ ಒಂದು ತುಂಡನ್ನು ಎಸೆಯದೆ ಜೊತೆಗೆ ಒಯ್ಯಬೇಕು, ಅದರ ದಪ್ಪ ನೋಡಿಯೇ ಅವರು ಹೊಸ ದಾರ ಆರಿಸುತ್ತಾರೆ.